ಹಲಗೆಯ ಮೇಲಿನ ಡಬ್ಬಿ

ನಮ್ಮ ಕೋಣೆಯ ಐದು ಜನರಿಗೂ ಒಂದೇ ಕಾನೂನು. ಮಂಚದ ಕೆಳಗಿನ ಪೆಟ್ಟಿಗೆ ಅವರವರದು, ಗೋಡೆಯ ಹಲಗೆಯ ಮೇಲಿರುವುದು ಎಲ್ಲರದು. ಸೋಪು, ತಲೆನೋವಿನ ಮಾತ್ರೆ, ಇಸ್ತ್ರಿ ಅಣ್ಣನ ವಿಟಮಿನ್ ಡಬ್ಬಿ, ಎಲ್ಲವೂ ಹಲಗೆಯ ಮೇಲೆಯೇ.

ಇಸ್ತ್ರಿ ಅಣ್ಣ ನಮ್ಮ ಪೈಕಿ ಹಿರಿಯ. ಈ ಪರದೇಶಕ್ಕೆ ಬಂದು ಹನ್ನೊಂದು ವರ್ಷ. ಹೋಟೆಲೊಂದರ ನೆಲಮಾಳಿಗೆಯಲ್ಲಿ ದಿನವಿಡೀ ನಿಂತು ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದ. ನಾನು ಹೊಸದಾಗಿ ಬಂದಾಗ ಮುದುಡಿದ ಅಂಗಿಯಲ್ಲೇ ಕೆಲಸಕ್ಕೆ ಹೊರಟಿದ್ದೆ. "ಹಸು ಅಗಿದು ಉಗಿದ ಹಾಗಿದೆಯಲ್ಲೋ, ಬಿಚ್ಚು" ಎಂದು ತಾನೇ ಇಸ್ತ್ರಿ ಮಾಡಿಕೊಟ್ಟ. ನನಗೆ ಅಣ್ಣನಿಲ್ಲದ ಕೊರತೆ ಅಂದೇ ತೀರಿತು.

ನನ್ನದು ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ. ಸುಸ್ತು ಹೆಚ್ಚಾಗಿ, ಹಲಗೆಯ ಕಾನೂನನ್ನು ನಂಬಿ ದಿನಕ್ಕೊಂದು ವಿಟಮಿನ್ ನುಂಗತೊಡಗಿದೆ. ಮೈಯಲ್ಲಿ ಶಕ್ತಿ ಬಂತೆಂದು ಜಂಬವನ್ನೂ ಕೊಚ್ಚಿಕೊಂಡೆ. ಅಂಥ ಮೂರ್ಖ ನಾನು. ಅಣ್ಣ ಡಬ್ಬಿ ಅಲ್ಲಾಡಿಸಿ ನೋಡಿ, ತಾನೇ ಮರೆತು ಎರಡೆರಡು ನುಂಗುತ್ತಿದ್ದೇನೆಂದು ಕಂಗಾಲಾಗಿದ್ದನಂತೆ.

ಒಂದು ಬೆಳಿಗ್ಗೆ ಕೊನೆಯ ಮಾತ್ರೆ ನನ್ನ ನಾಲಗೆಯ ಮೇಲಿದ್ದಾಗ ಅವನು ಸ್ನಾನ ಮುಗಿಸಿ ಬಂದ.

"ಉಗಿ," ಎಂದ.

"ಒಂದು ಮಾತ್ರೆಗೆ ಇಷ್ಟು ಜಿಪುಣತನವಾ ಅಣ್ಣ?"

ಉಳಿದವರು ಕೆಲಸಕ್ಕೆ ಹೋಗಿದ್ದರು. ಆದರೂ ಅವನು ಬಾಗಿಲು ಮುಚ್ಚಿದ. "ಅದು ಎಚ್‌ಐವಿ ಮಾತ್ರೆ ಕಣೋ. ನಂದು. ಮೂರು ವರ್ಷ ಆಯ್ತು. ನಿಂಗೇನಾದ್ರೂ ಆದ್ರೆ ನಿಮ್ಮಮ್ಮಂಗೆ ನಾನು ಏನು ಹೇಳ್ಲಿ?"

"ಪೆಟ್ಟಿಗೇಲಿ ಇಡಬಾರದಿತ್ತಾ?"

"ಬೀಗ ಹಾಕಿದ್ರೆ ಏನಿದೆ ಅಂತ ಕೇಳ್ತೀರಿ. ವಿಟಮಿನ್ ಡಬ್ಬಿಗೆ ತುಂಬಿ ಹಲಗೆ ಮೇಲಿಟ್ರೆ ಯಾರು ಕೇಳ್ತಾರೆ?"

ಮುಂದಿನ ಡಬ್ಬಿಗೆ ಒಂಬತ್ತು ದಿನ ಬಾಕಿ. ಒಂದು ದಿನವೂ ಮಾತ್ರೆ ತಪ್ಪಬಾರದು. ಪ್ರತಿ ತಿಂಗಳು ಅವನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಆಸ್ಪತ್ರೆಗೆ ಹೋಗಿ, ಚೀಟಿ ತೋರಿಸಿ, ತುಟಿ ಬಿಚ್ಚದೆ ಡಬ್ಬಿ ತರುತ್ತಿದ್ದ. ಈಗ ಬಾಯಿಬಿಟ್ಟು ಕೇಳಬೇಕು. ಇಲ್ಲಿನ ಭಾಷೆ ಅವನಿಗೆ ಅಷ್ಟಕ್ಕಷ್ಟೆ. ಆಸ್ಪತ್ರೆಯವರು ಅನುವಾದಿಸಲು ನಮ್ಮ ಭಾಷೆಯವನನ್ನೇ ಕರೆಸುತ್ತಾರೆ. ಅವನ ಕಿವಿಗೆ ಬಿದ್ದದ್ದು ಊರು ತಲುಪಲು ಎಷ್ಟು ಹೊತ್ತು? ಅದಕ್ಕಿಂತ ಮಾತ್ರೆ ಬಿಡುವುದೇ ವಾಸಿ ಎಂದು ಹಟ ಹಿಡಿದ.

ಅವನು ಚಹಾ ಕುಡಿದಿಟ್ಟ ಲೋಟವನ್ನು ನಾನು ಎರಡು ಸಲ ತೊಳೆದೆ. ಅವನು ನೋಡಿದ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ನಡಿ ಅಣ್ಣ, ಗೋದಾಮಲ್ಲಿ ಇಲ್ಲಿನ ಭಾಷೆ ಕಲ್ತಿದೀನಿ, ನಾನೇ ಮಾತಾಡ್ತೀನಿ," ಎಂದೆ.

ಮಾತ್ರೆಗಳು ಏನಾದವು ಎಂದು ಆಸ್ಪತ್ರೆಯ ನರ್ಸ್ ಕೇಳಿದಳು. "ನೀರಲ್ಲಿ ಬಿತ್ತು ಅಂತ ಹೇಳು," ಎಂದು ಅಣ್ಣ ಪಿಸುಗುಟ್ಟಿದ. ನಾನು ನಿಜ ಹೇಳಿದೆ. ಅವಳು ಅವನಿಗೆ ಹೊಸ ಡಬ್ಬಿ ಕೊಟ್ಟು, ನನ್ನ ಕೈಗೂ ಒಂದು ಚೀಟಿ ಕೊಟ್ಟಳು. ಆ ಮಾತ್ರೆ ಅಷ್ಟು ದಿನ ನುಂಗಿದ್ದಕ್ಕೆ ನನ್ನ ರಕ್ತವನ್ನೂ ಪರೀಕ್ಷಿಸಬೇಕಂತೆ, ಅಲ್ಲಿ ಕೂರಬೇಕಂತೆ.

ಕೂತೆ. ಬಾಗಿಲು ತೆರೆದಾಗಲೆಲ್ಲ ನಮ್ಮವರು ಯಾರಾದರೂ ಬಂದರೇನೋ ಎಂದು ತಲೆ ತಗ್ಗಿಸಿದೆ. ಅಣ್ಣ ತನ್ನ ಟೋಪಿ ತೆಗೆದು ನನ್ನ ತಲೆಗಿಟ್ಟು, ಹುಬ್ಬಿನವರೆಗೆ ಎಳೆದ.

"ಮೊದಲ ಸಲ ಹಾಗೇ ಆಗತ್ತೆ," ಎಂದು ಬರಿತಲೆಯಲ್ಲಿ ನನ್ನ ಪಕ್ಕ ಕೂತ.