ಕೆಳಮನೆಯವರ ಬಿಸಿಗಾಳಿ

ತಲೆನೋವು ಬಂದರೆ ಆಂಟಿ ಹಣೆಗೆ ನೀಲಿ ವಸ್ತ್ರವನ್ನು ಎಷ್ಟು ಬಿಗಿಯಾಗಿ ಕಟ್ಟುತ್ತಿದ್ದರೆಂದರೆ, ಬಿಳಿ ಹುಬ್ಬುಗಳೆರಡೂ ಮೇಲೇರಿ ಇಡೀ ದಿನ ಆಶ್ಚರ್ಯಪಡುತ್ತಿರುವಂತೆ ಕಾಣುತ್ತಿದ್ದರು. ಎಂಬತ್ತರ ದಶಕ, ಸ್ಯಾನ್ ರಮೋನಿನ ಅಪಾರ್ಟ್‌ಮೆಂಟಿನಲ್ಲಿ ಅವರದು ಕೆಳಮನೆ, ನಮ್ಮದು ಮೇಲಿನದು. ಅವರ ಊರು ಆಸ್ಟ್ರಿಯಾದ ಇನ್ಸ್‌ಬ್ರುಕ್.

"ಸುತ್ತ ಬೆಟ್ಟ, ನಡುವೆ ನಾವು. ಚಳಿಗಾಲವೆಲ್ಲ ಹಿಮ. ಆಮೇಲೊಂದು ದಿನ ದಕ್ಷಿಣದಿಂದ ಬಿಸಿಗಾಳಿ ಇಳಿದರೆ ಮಧ್ಯಾಹ್ನದೊಳಗೆ ಸೂರಿನಿಂದ ನೀರು ಸುರಿಯುತ್ತೆ. ಬೆಟ್ಟಗಳು ಕೈಗೆಟಕುವಷ್ಟು ಹತ್ತಿರ ಕಾಣುತ್ತವೆ. ಊರಿಗೆಲ್ಲ ತಲೆನೋವು, ಮನೆಮನೆಯಲ್ಲೂ ಜಗಳ," ಎನ್ನುತ್ತಿದ್ದರು. ಗಾಳಿಯ ದಿನ ಆಡಿದ ಮಾತನ್ನು ಅಲ್ಲಿ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲವಂತೆ.

ಬೇಸಿಗೆ ಕಳೆದ ಮೇಲೆ ನಮ್ಮಲ್ಲೂ ಪೂರ್ವದ ಗುಡ್ಡಗಳಿಂದ ಒಣ ಬಿಸಿಗಾಳಿ ಬೀಸುತ್ತಿತ್ತು. ಅವರ ಹಣೆಯಲ್ಲಿ ವಸ್ತ್ರ ಕಂಡರೆ ಸಾಕು, ಮಜ್ಜಿಗೆಯಲ್ಲಿ ನೆನೆಸಿದ ಬಾಳಕದ ಮೆಣಸಿನಕಾಯಿಯನ್ನು ಒಣಗಿಸಲು ಬಾಲ್ಕನಿಗೆ ಸಾಗಿಸುತ್ತಿದ್ದೆ. ಪಾಪ, ಅವರ ತಲೆನೋವೇ ನನಗೆ ಪಂಚಾಂಗ.

ಅಂಥದೇ ಒಂದು ದಿನ, ಆಗಲೇ ಒಣಗಿದ್ದ ಮೆಣಸಿನಕಾಯಿ ಕರಿದೆ. ಘಾಟು ಕೆಳಮನೆಗೂ ಹೋಯಿತು. ಅವರು ಕೆಮ್ಮುತ್ತ ಮೆಟ್ಟಿಲು ಹತ್ತಿ ಬಂದು, ಅಕ್ಕಪಕ್ಕದವರೆಲ್ಲ ಕೇಳುವಂತೆ ಕೂಗಿದರು: "ಇದು ಮನುಷ್ಯರು ಇರುವ ಜಾಗ! ನಿಮ್ಮ ದೇಶದ ಗಬ್ಬು ಇಲ್ಲಿ ಬೇಡ!"

"ಸಾರಿ, ಸಾರಿ" ಎನ್ನುತ್ತಲೇ ಬಾಗಿಲು ಹಾಕಿಕೊಂಡೆ. ನಮ್ಮ ಯಜಮಾನರು, "ಬಿಡೇ, ಗಾಳಿ ಬೀಸ್ತಿದೆಯಲ್ಲ, ತಲೆ ಕೆಟ್ಟಿರತ್ತೆ. ಸ್ವಲ್ಪ ದಿನ ಕಿಟಕಿ ಕ್ಲೋಸ್ ಮಾಡ್ಕೊಂಡು ಕುಕ್ ಮಾಡು," ಎಂದರು. ಮುಚ್ಚಿದೆ. ಇಂಗನ್ನು ಪೊಟ್ಟಣದೊಳಗೆ ಪೊಟ್ಟಣ ಮಾಡಿ ಬಚ್ಚಿಟ್ಟೆ. ಸೀರೆಯ ಸೆರಗನ್ನು ಮೂಸಿ ನೋಡಿಕೊಳ್ಳದೆ ಗ್ರೋಸರಿಗೂ ಹೋಗುತ್ತಿರಲಿಲ್ಲ. ನನ್ನ ಒಲೆಯ ಮುಂದೆ ನಾನೇ ಕಳ್ಳಿಯಂತೆ ನಿಲ್ಲುವಷ್ಟು ನಾಚಿಕೆ.

ಕೆಲವು ದಿನ ಬಿಟ್ಟು ಅವರೇ ಬಂದು ಬಾಗಿಲಲ್ಲಿ ನಿಂತರು. ಮುಖ ಕೆಳಗಿತ್ತು. ನಾನು ಅವರ ಊರಿನ ರೂಢಿಯನ್ನೇ ಹಿಡಿದು, "ಆವತ್ತು ಗಾಳಿ ಇತ್ತಲ್ಲ ಆಂಟಿ, ಬಿಡಿ," ಎಂದೆ.

"ಆ ಮಾತು ಬೇಡ," ಎಂದರು. "ನನ್ನ ಗಂಡ ಕೈಯೆತ್ತಿದಾಗೆಲ್ಲ ತಪ್ಪನ್ನು ಗಾಳಿಯ ಮೇಲೇ ಹಾಕುತ್ತಿದ್ದ. ನಾನೂ ಹೂಂ ಅನ್ನುತ್ತಿದ್ದೆ. ನಿನ್ನ ಮೇಲೆ ಕೂಗಿದ್ದು ಗಾಳಿಯಲ್ಲ, ನಾನು. ನಾಚಿಕೆಯಾಗುತ್ತಿದೆ. ಕಿಟಕಿ ತೆಗೆ."

ಅಷ್ಟು ಹೇಳಿ, ಕಂಬಿ ಹಿಡಿದುಕೊಂಡು ನಿಧಾನವಾಗಿ ಕೆಳಗಿಳಿದರು.

ಅವರು ತೀರಿಕೊಂಡು ಬಹಳ ಕಾಲವಾಯಿತು. ಈಗ ಮಗಳ ಮೇಲೆ ಸಿಡುಕಿದರೆ "ಬಿಪಿ ಕಣೇ" ಎನ್ನಲು ನಾಲಿಗೆಯ ತುದಿಗೆ ಬರುತ್ತದೆ. ನುಂಗಿಕೊಂಡು, "ತಪ್ಪು ನಂದೇ, ಪುಟ್ಟಿ," ಎನ್ನುತ್ತೇನೆ. "ಇಟ್ಸ್ ಓಕೆ, ಅಮ್ಮಾ," ಎನ್ನುತ್ತಾಳೆ. ಇಷ್ಟು ಹೇಳುವುದಕ್ಕೇ ಜೀವ ಬಾಯಿಗೆ ಬಂದಿರುತ್ತದೆ. ಅದನ್ನೇ ಹೇಳಲು ಮೆಟ್ಟಿಲು ಹತ್ತಿ ಬಂದ ಆ ಜೀವಕ್ಕೆ, ಕಾಫಿ ಹಾಗಿರಲಿ, ಒಳಗೆ ಬನ್ನಿ ಎಂದೂ ನಾನು ಅನ್ನಲಿಲ್ಲ.