ಹೊಲ ಅಂದರೆ ಮನೆಯಲ್ಲ

ಕ್ರಿಕೆಟ್ ಅಂದರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಆಟದ್ದೇನೂ ತಪ್ಪಿಲ್ಲದಿರಬಹುದು. ಆದರೆ ಬಿಳಿ ಬಟ್ಟೆ ತೊಟ್ಟು ಬಿಸಿಲಲ್ಲಿ ನಿಲ್ಲುವ ಗಂಡಸರ ಬಟ್ಟೆ ಒಗೆಯುವವರು ಯಾರು, ಸಂಜೆ ಹಸಿದು ಬಂದರೆ ಬೇಯಿಸಿ ಹಾಕುವವರು ಯಾರು ಎಂಬುದನ್ನು ಆ ಆಟದ ನಿಯಮಗಳಲ್ಲಿ ಯಾರೂ ಹೇಳಿಲ್ಲ. ನಾನು ಒಗೆದಿದ್ದೇನೆ, ಬೇಯಿಸಿ ಹಾಕಿದ್ದೇನೆ. ಆಗುವುದಿಲ್ಲ ಅನ್ನುವ ಹಕ್ಕು ನನಗಿದೆ.

ನಮ್ಮ ಮನೆಯವರು ಧಾರವಾಡದ ಒಂದು ಶಾಲೆಯಲ್ಲಿ ಮಾಸ್ತರು. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಒಂದೆರಡು ವರ್ಷವಿದ್ದಾಗ, ಚಳಿಗಾಲದಲ್ಲಿ, ಹುಬ್ಬಳ್ಳಿಯಲ್ಲಿ ಊರೂರಿನ ತಂಡಗಳ ಪಂದ್ಯಗಳು ನಡೆದವು. ಧಾರವಾಡದವರಿಗೆ ಹುಬ್ಬಳ್ಳಿ ದೊಡ್ಡ ಶಹರ. ಗಿರಣಿ, ರೈಲಿನ ಕಾರಖಾನೆ, ಹತ್ತಿಯ ಪೇಟೆ, ಹೊಗೆ, ಧೂಳು. ದಿನಾ ರೈಲಿನಲ್ಲಿ ಹೋಗಿ ಆಡಿ ಬರಬಹುದಿತ್ತು. ಆದರೆ ನಮ್ಮವರು ಆಡುತ್ತಿದ್ದ ತಂಡದ ಕ್ಯಾಪ್ಟನ್ನರು ಮುಂಬಯಿಯಲ್ಲಿ ಕಾನೂನು ಓದಿ ಬಂದ ವಕೀಲರು. ದೊಡ್ಡ ತಂಡಗಳು ಆಡುವ ಊರಲ್ಲೇ ಇಳಿದುಕೊಳ್ಳುತ್ತವೆ, ನಾವೂ ಹಾಗೇ ಮಾಡಬೇಕು ಎಂದರು. ಖಾನಾವಳಿಯ ಊಟ ಹೊಟ್ಟೆಗೆ ಹಿಡಿಯುವುದಿಲ್ಲ ಎಂದೂ ಅವರೇ ಹೇಳಿದರು. "ನಮ್ಮಾಕಿ ಬರ್ತಾಳ ತಗೋರಿ, ಅಡಿಗಿ ಮಾಡಾಕ," ಅಂದರು ನಮ್ಮವರು. ನನ್ನನ್ನು ಕೇಳಿದ್ದು ಆಮೇಲೆ. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ನಮ್ಮವರ ಕಾಕಾನ ಮನೆ ಖಾಲಿ ಬಿದ್ದಿತ್ತು. ಅಲ್ಲಿ ಹನ್ನೊಂದು ಮಂದಿಗೆ ರೊಟ್ಟಿ ಬಡಿಯಲು ನಾನು ಹೋದೆ.

ಆದರೆ ಹೋಗುವಾಗ ನನಗೆ ಒಳಗೊಳಗೇ ಸಂತೋಷವಾಗಿತ್ತು. ನನ್ನ ತವರೂರು ಹುಬ್ಬಳ್ಳಿಯಿಂದ ನವಲಗುಂದದ ಕಡೆ, ನಸುಕಿನಲ್ಲಿ ಚಕ್ಕಡಿ ಹೂಡಿದರೆ ಬಿಸಿಲು ಏರುವುದರೊಳಗೆ ಮುಟ್ಟುವಷ್ಟು ದೂರ. ಮದುವೆಯಾದ ಮೇಲೆ ನಾನು ಆ ಊರನ್ನು ಕಂಡಿರಲಿಲ್ಲ. ಅದಕ್ಕೆ ಕಾರಣ ಒಂದು ಚಮಚ ತುಪ್ಪ.

ಮದುವೆಯ ಊಟದಲ್ಲಿ ಗಂಡಿನ ಕಾಕಾನ ಎಲೆಗೆ ತುಪ್ಪ ಬೀಳುವ ಮೊದಲೇ ನಮ್ಮೂರ ಗೌಡರ ಎಲೆಗೆ ಬಿತ್ತು. ಬಡಿಸುತ್ತಿದ್ದವನು ನನ್ನ ಅಣ್ಣ. ಅಪ್ಪ ಇಲ್ಲದ ಮನೆಯಲ್ಲಿ ಎಲ್ಲ ಅವನೊಬ್ಬನ ಮೇಲೇ ಬಿದ್ದಿತ್ತು, ಕೈ ಯಾವ ಕಡೆ ಬಾಗಿತೋ ಆ ಕಡೆ ಬಡಿಸಿದ. ಕಾಕಾ ಎಲೆ ಬಿಟ್ಟು ಎದ್ದರು. ಅವರ ಹಿಂದೆ ಗಂಡಿನ ಕಡೆಯವರೆಲ್ಲ ಎದ್ದರು. ಬಾಸಿಂಗ ಕಟ್ಟಿಕೊಂಡಿದ್ದ ನಮ್ಮವರು ಅಂಗಳದಲ್ಲಿ ನಿಂತು, "ಇನ್ನ ಈ ಮನಿ ಉಪ್ಪು ಮುಟ್ಟಂಗಿಲ್ಲ, ಹೊಸ್ತಿಲಾ ತುಳ್ಯಂಗಿಲ್ಲ" ಎಂದು ಆಣೆ ಮಾಡಿದರು. ಗಂಡ ತುಳಿಯದ ಹೊಸ್ತಿಲನ್ನು ಹೆಂಡತಿಯೂ ತುಳಿಯಬಾರದು ಎಂಬುದನ್ನು ಮನೆಗೆ ಬಂದ ಮೇಲೆ ಸೇರಿಸಿದರು. ಪಂಚಮಿ ಹಬ್ಬಕ್ಕೆ ನನ್ನನ್ನು ಕರೆಯಲು ಬಂದ ಅಣ್ಣನನ್ನು ಪ್ರತಿ ವರ್ಷ ಕಟ್ಟೆಯ ಮೇಲಿಂದಲೇ ತಿರುಗಿ ಕಳಿಸಿದರು. ಹೋದ ಮಳೆಗಾಲದಲ್ಲಿ ಅವ್ವ ಹಾಸಿಗೆ ಹಿಡಿದಳು. ಆಗಲೂ ಬಿಡಲಿಲ್ಲ. ಅವಳು ಎದ್ದು ಓಡಾಡುತ್ತಿದ್ದಾಳೆ ಎಂದು ಯಾರೋ ಹೇಳಿದ್ದನ್ನು ಕೇಳಿ ನಾನು ಒಲೆಯ ಮುಂದೆ ಕೂತು ಅತ್ತೆ. ಅವಳನ್ನು ಒಮ್ಮೆ ಕಣ್ಣಾರೆ ನೋಡಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು.

ಹುಬ್ಬಳ್ಳಿಗೆ ಬಂದ ಮೇಲೆ ಒಂದು ಸಂಜೆ, ಪಂದ್ಯವೊಂದನ್ನು ಗೆದ್ದು ಬಂದು ಎಲ್ಲರೂ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನಡುವೆ ಆಟವಿಲ್ಲದ ದಿನವೊಂದು ಬರುವುದಿತ್ತು, ಅದರ ಮಾತು ಎದ್ದಿತು.

"ಈ ಶಹರದ ಹೊಗಿ ಕುಡುದು ಎದಿ ಕಟ್ಟೇತಿ," ಅಂದರು ಕ್ಯಾಪ್ಟನ್ನರು. "ಎಲ್ಲೆರೆ ಹಸರ ನೋಡಿ, ಛಲೋ ಗಾಳಿ ತಗೊಂಡು ಬರೂಣು."

"ಉಣಕಲ್ಲ ಕೆರಿಗೆ ಹೋಗೂಣ್ರಿ," ಅಂದ ಒಬ್ಬ.

"ಕೆರಿ ನೋಡಾಕ ಇಲ್ಲೀ ತನಾ ಬರಬೇಕೇನು? ಖರೇ ಹಳ್ಳಿ ಬೇಕು. ಹೊಲ ಬೇಕು."

ಆಗ ನಮ್ಮವರ ದನಿ ಕೇಳಿತು. "ನಮ್ಮ ಹೊಲ ಐತಲ್ರಿ, ನವಲಗುಂದದ ದಾರ್ಯಾಗ. ಈಗ ಜ್ವಾಳದ ಎಳೀ ತೆನಿ, ಸೀತನಿ, ಹದಕ್ಕ ಬಂದಿರತಾವ. ಸುಟ್ಟಕೊಂಡು ತಿಂದು, ಸಂಜಿಗೆ ತಿರುಗಿ ಬರೂಣು."

ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ನಮ್ಮ ಹೊಲವಂತೆ. ಅವರ ಮನೆತನದಲ್ಲಿ ಹಿಡಿ ಮಣ್ಣು ಇದ್ದವರಿಲ್ಲ. ನವಲಗುಂದದ ದಾರಿಯಲ್ಲಿ ಇದ್ದದ್ದು ನನ್ನ ಅಣ್ಣ ಉಳುವ, ನನ್ನ ಅವ್ವ ಕಳೆ ತೆಗೆಯುವ ಹೊಲ. ಮನೆಯ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದವರು ವಕೀಲರ ಮುಂದೆ ದೊಡ್ಡವರೆನಿಸಿಕೊಳ್ಳಲು ಅದೇ ಮನೆಯ ಹೊಲವನ್ನು ತಮ್ಮದು ಮಾಡಿಕೊಂಡರು. ತವೆಯ ಮೇಲಿನ ರೊಟ್ಟಿ ಹೊತ್ತಿತು. ಅದನ್ನು ಅವರ ತಾಟಿಗೇ ಹಾಕಿದೆ.

ಎಲ್ಲರೂ ಉಂಡೆದ್ದ ಮೇಲೆ ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮುಖದಲ್ಲಿ ಒಂದು ಗೆಲುವು. ಉಣ್ಣುವಷ್ಟು ಹೊತ್ತೂ ಅದನ್ನೇ ಯೋಚಿಸಿದ್ದರೇನೋ.

"ಹೊಲ ಅಂದ್ರ ಮನಿ ಅಲ್ಲ," ಅಂದರು. "ಅಲ್ಲಿ ಹೊಸ್ತಿಲಾ ಇಲ್ಲ. ತೆನಿ ಭೂಮಿತಾಯಿದು, ಯಾರ ಅಡಿಗೀನೂ ಅಲ್ಲ. ಬೆಂಕ್ಯಾಗ ಸುಟ್ಟದ್ದಕ್ಕ ಉಪ್ಪಿಲ್ಲ. ಚಟ್ನಿ, ಬೆಲ್ಲ, ಉಪ್ಪು, ಕುಡಿಯೂ ನೀರು, ಎಲ್ಲಾ ಇಲ್ಲಿಂದನ ಒಯ್ಯೂದು. ಆಣಿ ಆಣಿ ಇದ್ದಾಂಗ ಇರತೈತಿ."

"ನಾ ಅವ್ವನ ನೋಡಬಹುದೇನ್ರಿ?"

"ಹೊಲಕ್ಕ ಬಂದ್ರ ನೋಡು, ಬ್ಯಾಡಂದವರ್ಯಾರು? ಮನಿ ಕಡೆ ಮಾತ್ರ ಹೆಜ್ಜಿ ಇಡಬ್ಯಾಡ."

ನಾನು ತಲೆಯಾಡಿಸಿದೆ. ಆಣೆಯಲ್ಲಿ ಇಂಥದೊಂದು ಕಿಂಡಿ ಇತ್ತು. ಮೊದಲಿನಿಂದಲೂ ಇತ್ತು. ಅವ್ವ ಜ್ವರದಲ್ಲಿ ಬಿದ್ದಿದ್ದಾಗ ಇವರಿಗೆ ಅದು ಕಾಣಿಸಲಿಲ್ಲ. ನಾನು ಅತ್ತಾಗ ಕಾಣಿಸಲಿಲ್ಲ. ವಕೀಲರಿಗೆ ಎದೆ ಕಟ್ಟಿತು ಅಂದ ಕೂಡಲೇ ಕಾಣಿಸಿತು.

ನಮ್ಮೂರಿಂದ ಪೇಟೆಗೆ ಬೆಣ್ಣೆ ಮಾರಲು ಬರುವ ಹೆಂಗಸಿನ ಕೈಯಲ್ಲಿ ಅವ್ವನಿಗೆ ಹೇಳಿ ಕಳಿಸಿದೆ. ಶೇಂಗಾ ಹುರಿದು, ಒಣಮೆಣಸಿನಕಾಯಿ ಹಾಕಿ ಚಟ್ನಿ ಕುಟ್ಟಿದೆ. ಉಪ್ಪು ಕಟ್ಟಿಕೊಂಡೆ, ಬೆಲ್ಲ ಕಟ್ಟಿಕೊಂಡೆ. ಹೊರಡುವ ದಿನ ನಸುಕಿನಲ್ಲಿ ಎರಡು ಬಾಡಿಗೆ ಚಕ್ಕಡಿ ಬಂದವು. ಹುಬ್ಬಳ್ಳಿಯ ನೀರು ತುಂಬಿದ ತಾಮ್ರದ ಕೊಡವನ್ನು ನನ್ನ ತೊಡೆಯ ನಡುವೆ ಇಟ್ಟರು. ಬಾವಿ ಇರುವ ಊರಿಗೆ ನೀರು ಹೊತ್ತುಕೊಂಡು ಹೋಗುವ ಬುದ್ಧಿವಂತರನ್ನು ನಾನು ಆವತ್ತೇ ನೋಡಿದ್ದು. ದಾರಿಯುದ್ದಕ್ಕೂ ಕೊಡ ತುಳುಕಿ ನನ್ನ ಸೀರೆ ತೊಯ್ದು ತೊಪ್ಪೆಯಾಯಿತು. ಗಂಡಸರು ಮುಂದಿನ ಚಕ್ಕಡಿಯಲ್ಲಿ ಹಾಡು ಹೇಳುತ್ತ ಹೋದರು.

ಹೊಲ ಬಂತು. ಆಳೆತ್ತರದ ಜೋಳ, ಹಾಲುಗಾಳು ತುಂಬಿದ ತೆನೆ. ಕ್ಯಾಪ್ಟನ್ನರು ಕೈ ಅಗಲಿಸಿ ನಿಂತು ಉಸಿರು ಎಳೆದುಕೊಂಡರು. ಅಣ್ಣ ಮೊದಲೇ ಬಂದು ಗುಂಡಿ ತೋಡಿ ಕುಳ್ಳಿನ ಬೆಂಕಿ ಮಾಡಿದ್ದ. ಬಂದವರಿಗೆ ಕೈಮುಗಿದ. ನಮ್ಮವರು ಆಕಾಶದ ಕಡೆ ನೋಡಿದರು. ಅಣ್ಣ ತೆನೆ ಸುಡಲು ಕೂತ.

ಬದುವಿನ ಮೇಲೆ ಅವ್ವ ಬರುವುದು ಕಾಣಿಸಿತು. ನನ್ನ ಅವ್ವ ಬೀಸುಗಾಲು ಹಾಕುತ್ತಿದ್ದ ಹೆಂಗಸು. ಈಗ ಹೆಜ್ಜೆ ನೋಡಿ ನೋಡಿ ಇಡುತ್ತಿದ್ದಳು, ಕುಪ್ಪಸದ ತೋಳು ಜೋತಾಡುತ್ತಿತ್ತು. ನಾನು ಓಡಿ ಹೋಗಿ ತಬ್ಬಿಕೊಂಡೆ. ಎಲುಬು ಕೈಗೆ ಹತ್ತಿದವು.

ಆಮೇಲೆ ಅವಳು ಸೆರಗಿನಿಂದ ಒಂದು ಗಂಟು ತೆಗೆದಳು. "ಗುರೆಳ್ಳ ಚಟ್ನಿ. ನಿನಗಂತ ಕುಟ್ಟೀನಿ. ಅಳ್ಯಾರಿಗೆ ಕೊಡಬ್ಯಾಡವಾ, ಅವರ ಆಣಿ ಕೆಡತೈತಿ."

ಅವರ ಆಣೆಯನ್ನು ನನ್ನ ಅವ್ವ ಕಾಯುತ್ತಿದ್ದಳು!

ಅಣ್ಣ ಸುಟ್ಟ ತೆನೆಗಳನ್ನು ಕಂಬಳಿಯ ಮೇಲೆ ತಿಕ್ಕಿ, ಮೊರದಲ್ಲಿ ಕೇರಿ, ಬಿಸಿಬಿಸಿ ಸೀತನಿಯನ್ನು ಎಲ್ಲರ ಮುಂದೆ ಸುರಿದ. ನಾನು ಹುಬ್ಬಳ್ಳಿಯ ಚಟ್ನಿಯನ್ನು ನಡುವೆ ಇಟ್ಟೆ. ಅವ್ವನ ಗಂಟು ಬಿಚ್ಚಿ ನನ್ನ ಎಲೆಯ ಮೇಲೆ ಹಾಕಿಕೊಂಡೆ. ಅವ್ವ ಸ್ವಲ್ಪ ಹಿಂದೆ, ಬದುವಿನ ಮೇಲೆ ಕೂತಳು.

"ವೈನಿ, ಅದೇನ್ರಿ ಕರ್ರಗ?" ಎಂದು ಕ್ಯಾಪ್ಟನ್ನರು ಕೈ ಚಾಚಿದರು. ಕೊಟ್ಟೆ. ಬಾಯಿಗೆ ಹಾಕಿಕೊಂಡು "ವಾ!" ಅಂದರು. ಪಕ್ಕದವರೂ ಕೇಳಿದರು. ಎಲೆ ಕೈಯಿಂದ ಕೈಗೆ ಹೋಗತೊಡಗಿತು. ನಮ್ಮವರು ಹಿಂದಿನ ದಿನ ತಾವು ಹಿಡಿದ ಕ್ಯಾಚಿನ ವರ್ಣನೆಯಲ್ಲಿದ್ದರು. ಎಲೆ ಅವರ ಮುಂದೆ ಬಂದಾಗ ಮಾತು ನಿಲ್ಲಿಸದೆ ದೊಡ್ಡ ಚಿಟಿಕೆ ತೆಗೆದುಕೊಂಡು ಸೀತನಿಗೆ ಕಲಸಿದರು.

ನಾನು ಕೆಂಪು ಶೇಂಗಾ ಚಟ್ನಿ ಕುಟ್ಟಿದ್ದೆ. ಇದು ಇದ್ದಿಲಿನ ಬಣ್ಣದ ಗುರೆಳ್ಳು. ಕಣ್ಣು ಮುಚ್ಚಿದವರಿಗೂ ಮೂಗಿಗೆ ತಿಳಿಯುತ್ತದೆ. ಆದರೆ ಹೆಂಡತಿ ಏನು ಕುಟ್ಟಿದ್ದಾಳೆ, ಏನು ಕಟ್ಟಿದ್ದಾಳೆ ಎಂದು ಒಮ್ಮೆಯಾದರೂ ನೋಡಿದ್ದರೆ ತಾನೇ! ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಅದಕ್ಕೆ ಇವತ್ತಿಗೂ ನನಗೆ ಕಿಂಚಿತ್ತೂ ಬೇಸರವಿಲ್ಲ. ಅವರು ತಿಂದರು, ಇನ್ನೊಂದು ಚಿಟಿಕೆ ತೆಗೆದುಕೊಂಡರು, ಬೆರಳು ನೆಕ್ಕಿಕೊಂಡು ಕ್ಯಾಪ್ಟನ್ನರಿಗೆ ಹೇಳಿದರು: "ಹೆಂಗೈತ್ರಿ? ನಮ್ಮ ಮನಿ ಕೈ ಇದು."

"ಖರೇ ಐತಿ ನೀವು ಅಂದದ್ದು," ಅಂದೆ ನಾನು. "ನಮ್ಮವ್ವನ ಮನೀದು. ಉಪ್ಪೂ ಆಕೀದ."

ಎಲ್ಲರ ಕೈ ನಿಂತವು. ಆಣೆಯ ಕತೆ ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು, ನಮ್ಮವರೇ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಕಪ್ಪಿಟ್ಟಿತು. ಎದ್ದು ಹೋಗಿ ತಾಮ್ರದ ಕೊಡವನ್ನು ಬಗ್ಗಿಸಿ ಹುಬ್ಬಳ್ಳಿಯ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿದರು. ಮತ್ತೊಮ್ಮೆ ಮುಕ್ಕಳಿಸಿದರು. ಮತ್ತೂ ಒಮ್ಮೆ. ಅವ್ವ ನೋಡುತ್ತಿದ್ದಾಳೆ ಎಂದು ಗೊತ್ತಿದ್ದೇ ಮಾಡಿದರು.

ಅವ್ವ ಎದ್ದು ನಿಂತು ಕೈ ಮುಗಿದಳು. "ತಪ್ಪಾತ್ರಿ ಅಳ್ಯಾರ. ನಂದ ತಪ್ಪು. ನಾ ತರಬಾರದಿತ್ತು."

ಅವರ ಬಾಯಿ ಮುಕ್ಕಳಿಕೆಯನ್ನು ನಾನು ಸಹಿಸುತ್ತಿದ್ದೆನೇನೋ. ಸೊರಗಿದ ಆ ಕೈಗಳು ಜೋಡಿಯಾಗಿ ಮೇಲೆದ್ದದ್ದನ್ನು ಸಹಿಸಲಾಗಲಿಲ್ಲ.

"ಸಾಮಾನ ಕಟ್ಟು. ನಡಿ ಇನ್ನ," ಅಂದರು ನಮ್ಮವರು ನನಗೆ.

"ನೀವ ಕಟ್ಟಿಕೊಳ್ರಿ," ಅಂದೆ. "ಉಪ್ಪು ತಿಂದೀರಿ, ಆಣಿ ಮುರದೈತಿ. ಇನ್ನ ನಾ ಹೊಸ್ತಿಲಾ ತುಳದ್ರ ಕೆಡೂದೇನೈತಿ? ನಡಿಯವಾ, ಮನಿಗೆ ಹೋಗೂಣು."

ಅವ್ವ ಬೇಡ ಬೇಡ ಅಂದಳು. ನಾನು ಅವಳ ರಟ್ಟೆ ಹಿಡಿದುಕೊಂಡು ಬದುವಿನ ಮೇಲೆ ನಡೆದೆ. ಹಿಂದಿನಿಂದ ಅವರು ಕೂಗಿದರು, ನಾನು ತಿರುಗಲಿಲ್ಲ.

ಮನೆಯಲ್ಲಿ ಅವ್ವ ಒಲೆ ಹೊತ್ತಿಸಿದಳು. ನಾನು ಬಡಿಯುತ್ತೇನೆ ಅಂದರೂ ಬಿಡದೆ ತಾನೇ ರೊಟ್ಟಿ ಬಡಿದು ಹಾಕಿದಳು. ಮದುವೆಯಾದ ಮೇಲೆ ಬೇರೆಯವರು ಬಡಿದ ರೊಟ್ಟಿಯನ್ನು ನಾನು ಕೂತು ಉಂಡದ್ದು ಆವತ್ತೇ. ಉಣ್ಣುತ್ತಿದ್ದಾಗ ಕ್ಯಾಪ್ಟನ್ನರು ಬಾಗಿಲಿಗೆ ಬಂದರು. ಹಿಂದೆ ಬೇವಿನ ಗಿಡದ ಕೆಳಗೆ ನಮ್ಮವರು ಬೆನ್ನು ಮಾಡಿ ನಿಂತಿದ್ದರು, ಅವರ ಸುತ್ತ ಊರ ಮಂದಿ ಆಗಲೇ ಕೂಡಿದ್ದರು.

"ವೈನಿ, ಸಿಟ್ಟ ಬಿಡ್ರಿ. ನಾಳಿ ದೊಡ್ಡ ಮ್ಯಾಚ್ ಐತಿ. ಹುಡುಗೂರಿಗೆ ಊಟ ಯಾರ ಹಾಕ್ತಾರ?"

ಅವರಿಗೂ ನಾನು ಬೇಕಾದದ್ದು ಏತಕ್ಕೆ ಎಂಬುದು ನನಗೆ ತಿಳಿಯಿತು. "ಕರೀಬೇಕಾದವರು ಒಳಗ ಬಂದು ಕರೀಲಿ," ಅಂದೆ.

ಹೊರಗೆ ಬಹಳ ಹೊತ್ತು ಗುಸುಗುಸು ನಡೆಯಿತು. ಬಿಸಿಲು ಇಳಿಯತೊಡಗಿತು, ಚಕ್ಕಡಿಯವನು ಹೊತ್ತಾಯಿತು ಎಂದು ಗೊಣಗಿದ. ಕೊನೆಗೆ ನಮ್ಮವರು ತಲೆ ತಗ್ಗಿಸಿ ಹೊಸ್ತಿಲು ದಾಟಿ ಒಳಗೆ ಬಂದರು. ನನಗಾಗಿ ಅಲ್ಲ, ಅವ್ವನಿಗಾಗಿಯೂ ಅಲ್ಲ. ಮರುದಿನದ ಅಡುಗೆಗಾಗಿ ಬಂದರು. ಅವ್ವ ಗಡಬಡಿಸಿ ಮಣೆ ಹಾಕಿ ತಾಟು ಇಟ್ಟಳು. ಅಣ್ಣ ತುಪ್ಪ ತಂದು ಮೊದಲು ಅವರಿಗೇ ಬಡಿಸಿದ. ಅವರು ಉಂಡರು, ಕೈ ತೊಳೆದರು, ನನ್ನ ಕಡೆ ನೋಡದೆ "ಆತಲ್ಲ, ಇನ್ನ ನಡಿ" ಅಂದರು.

"ಈಗ ನಿಮಗ ಮನಿ ದಾರಿ ಗೊತ್ತಾತಲ್ರಿ," ಅಂದೆ. "ಸಂಕ್ರಾಂತಿ ಮುಗದ ಮ್ಯಾಲೆ ಬಂದು ಕರಕೊಂಡ ಹೋಗ್ರಿ. ಅಲ್ಲೀ ತನಕ ನಾ ನಮ್ಮವ್ವನ ಕಡೆ ಇರಾಕಿ."

ಚಕ್ಕಡಿಗಳು ಹೋದವು. ಮರುದಿನ ಆ ಹನ್ನೊಂದು ಮಂದಿ ಏನು ಉಂಡರು, ಪಂದ್ಯ ಗೆದ್ದರೋ ಸೋತರೋ, ನಾನು ಆವತ್ತೂ ಕೇಳಲಿಲ್ಲ, ಆಮೇಲೆ ಅವರೊಡನೆ ಬಾಳುವೆ ಮಾಡಿದ ಅಷ್ಟೂ ವರ್ಷಗಳಲ್ಲಿ ಒಮ್ಮೆಯೂ ಕೇಳಲಿಲ್ಲ.