ಅಕ್ಕೋರು ಕಟ್ಟಿದ ಕೈಪಟ್ಟಿ

ಅಕ್ಕೋರ ಬಲಗೈ ಮಣಿಕಟ್ಟಿನಲ್ಲಿ ನಾಲ್ಕು ಬೆರಳಗಲದ ಬಿಳಿ ಗುರುತೊಂದಿತ್ತು. ಉಳಿದ ಕೈಯೆಲ್ಲ ಬಿಸಿಲಿಗೆ ಕಪ್ಪಾಗಿ, ಅಲ್ಲಿ ಮಾತ್ರ ಬೇರೆ ಯಾರದೋ ಚರ್ಮ ತಂದು ಹಚ್ಚಿದಂತೆ ಕಾಣುತ್ತಿತ್ತು. ಗಡಿಯಾರದ ಗುರುತು ಅನ್ನೋಣವೆಂದರೆ ಗಡಿಯಾರ ಎಡಗೈಯಲ್ಲಿತ್ತು. ಇದು ಅವರೇ ಹೊಲಿದು, ಮೊದಲು ತಮ್ಮ ಕೈಗೇ ಕಟ್ಟಿಕೊಂಡು ದಿನವಿಡೀ ಪರೀಕ್ಷೆ ಮಾಡುತ್ತಿದ್ದ ಕೈಪಟ್ಟಿಯ ಗುರುತು. ಟೆನಿಸ್ ಬ್ಯಾಟು ಹೇಗೆ ಹಿಡಿಯಬೇಕು, ಹೇಗೆ ಬೀಸಬೇಕು ಎಂದು ಕೈಗೆ ಹೇಳಿಕೊಡುವ ಪಟ್ಟಿ. ಬ್ಯಾಟಲ್ಲ, ರ‍್ಯಾಕೆಟ್ಟು ಎಂದು ತಿದ್ದುವವರು ತಿದ್ದಿಕೊಳ್ಳಲಿ. ನಮಗೆ ಅದು ಬ್ಯಾಟೇ.

ಕುಮಟಾದ ನಮ್ಮ ಕಾಲೇಜಿನಲ್ಲಿ ಅವರು ಆಟ ಕಲಿಸುವವರು. ಉಳಿದವರನ್ನೆಲ್ಲ ಮೇಡಂ ಅನ್ನುತ್ತಿದ್ದ ನಾವು ಇವರನ್ನು ಮಾತ್ರ ಊರ ಶಾಲೆಯ ರೂಢಿಯಂತೆ ಅಕ್ಕೋರು ಅನ್ನುತ್ತಿದ್ದೆವು. ಹಳದೀಪುರದಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದರು. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ. ಸೆರಗು ಸೊಂಟಕ್ಕೆ ಸಿಕ್ಕಿಸಿದರೆಂದರೆ ಮುಗಿಯಿತು, ಕೋರ್ಟಿನಲ್ಲಿ ಹರಟೆ ಬಂದ್.

ನಾನು ಭಟ್ಕಳದ ಮುಟ್ಟಳ್ಳಿಯವಳು. ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದೆ. ಮೊದಲ ದಿನ ಅಕ್ಕೋರು ಬ್ಯಾಟು ಕೊಟ್ಟಾಗ ಕತ್ತಿ ಹಿಡಿದಂತೆ ಹಿಡಿದೆ. ಸೊಪ್ಪು ಕಡಿದು, ಎಳನೀರು ಕೆತ್ತಿ ಬೆಳೆದ ಕೈ. ಅದಕ್ಕೆ ಗೊತ್ತಿದ್ದದ್ದು ಅದೊಂದೇ. ಚೆಂಡು ಬಂತು. ಮಣಿಕಟ್ಟು ತಿರುವಿ ಒಂದು ಕೊಚ್ಚಿದೆ. ಅದು ಬೇಲಿ ಹಾರಿ ಪ್ರಾಂಶುಪಾಲರ ಕಾರಿನ ಮೇಲೆ ಬಿತ್ತು.

“ಅಯ್ಯ ಹುಡ್ಗಿ, ಎಂತ ಎಳನೀರು ಕೆತ್ತೂಕೆ ಬಂದ್ಯನೆ?” ಎಂದರು ಅಕ್ಕೋರು. ನಾಚಿಕೆಯಿಂದ ಬ್ಯಾಟು ವಾಪಸ್ಸು ಕೊಡಲು ಹೋದೆ. “ಎಲ್ಲಿಗೆ ಹೊಂಟೆ? ಸರ್ವಿಸ್ ಮಾಡೂಕೆ ಈ ಹಿಡಿತವೇ ಬೇಕು, ಇಟ್ಕೊ. ಫೋರ್‌ಹ್ಯಾಂಡಿಗೆ ಮಾತ್ರ ಇದು ಆಗೂದಿಲ್ಲ. ತಾ ಕೈ.”

ಹಾಗೆ ನನ್ನ ಕೈಗೂ ಪಟ್ಟಿ ಬಂತು. ಹಳೆ ಶಾಲೆಚೀಲದ ಬೆಲ್ಟು, ಅದನ್ನು ಬಿಗಿಯಲು ಸೈಕಲ್ ಟ್ಯೂಬಿನ ತುಂಡು. ಅಂಗೈಗೆ ಸುತ್ತಿದ ಅದರ ತುದಿಯಲ್ಲಿ, ತೋರುಬೆರಳಿನ ಬುಡಕ್ಕೆ ಬರುವಂತೆ ಹೊಲಿದ ಒಂದು ಹುಣಸೆ ಬೀಜ. ಬ್ಯಾಟಿನ ಹಿಡಿಕೆಗೆ ಎಂಟು ಮುಖ. ಬೀಜ ಸರಿಯಾದ ಮುಖದ ಮೇಲೆ ಕೂತರೆ ಹಿಡಿತ ಸರಿ, ಅಂಚಿಗೆ ಸಿಕ್ಕರೆ ಚುಚ್ಚುತ್ತದೆ. ಮಣಿಕಟ್ಟಿನ ಮೇಲೆ ಬಿಸ್ಕೀಟು ಡಬ್ಬಿಯ ಮುಚ್ಚಳದಿಂದ ಕತ್ತರಿಸಿ, ಅಂಚು ಉಜ್ಜಿದ ತಗಡು. ಭುಜದಿಂದ ಬೀಸಿದರೆ ಅದು ಸುಮ್ಮನಿರುತ್ತದೆ. ಮಣಿಕಟ್ಟು ಮಡಚಿದರೆ ಟಕ್ ಅನ್ನುತ್ತದೆ.

“ಟಕ್ ಅಂದ್ರೆ ತಪ್ಪು. ಇಷ್ಟೇ ಪಾಠ, ಆತಾ?” ಎಂದರು.

ಆ ಕೋರ್ಟಿನ ಮೇಲೆ ಪ್ರಾಂಶುಪಾಲರ ಕಣ್ಣಿತ್ತು. ಅಲ್ಲಿ ಬೈಕು ನಿಲ್ಲಿಸುವ ಶೆಡ್ಡು ಹಾಕಬೇಕೆಂಬುದು ಅವರ ಆಸೆ. ಎರಡು ವರ್ಷದೊಳಗೆ ಒಬ್ಬ ಹುಡುಗಿಯಾದರೂ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗದಿದ್ದರೆ ಶೆಡ್ಡೇ ಸೈ ಎಂದು ಅಕ್ಕೋರಿಗೆ ಹೇಳಿಬಿಟ್ಟಿದ್ದರು. ಕೋರ್ಟು ಹೋದರೆ ನಮಗೆ ಆಡಲು ಬೇರೆ ಜಾಗವಿರಲಿಲ್ಲ.

ಮೊದಲ ವರ್ಷ ಧಾರವಾಡದ ಆಯ್ಕೆ ಪಂದ್ಯಕ್ಕೆ ಹೋದೆವು. ಕೈಗೆ ಕಟ್ಟಿದ್ದನ್ನು ಬಿಚ್ಚಬೇಕು ಎಂದರು ಅಂಪೈರು. ಬಿಚ್ಚಿದೆ. ಆಗ ನನ್ನ ಗ್ರಹಚಾರ ಶುರುವಾಯಿತು. ತಿಂಗಳುಗಟ್ಟಲೆ ನಾನು ಕಲಿತದ್ದು ಟಕ್ಕನ್ನು ಕೇಳುವುದು, ಕೈಯನ್ನಲ್ಲ. ಟಕ್ ಅನ್ನದಿದ್ದರೆ ಸರಿ ಎಂದು ತಿಳಿದವಳಿಗೆ ಈಗ ತಗಡೇ ಇಲ್ಲದ ಮೇಲೆ ಎಲ್ಲ ಹೊಡೆತವೂ ಸರಿಯೇ! ಚೆಂಡು ಒಂದೊಂದಾಗಿ ಗೆರೆಯಾಚೆ ಹೋಯಿತು. ಇಡೀ ಪಂದ್ಯಕ್ಕೆ ಒಂದೇ ಒಂದು ಗೇಮು ಗೆದ್ದೆ.

ವಾಪಸ್ಸು ಬರುವ ಬಸ್ಸಿನಲ್ಲಿ ಅತ್ತೆ. ಅಂಕೋಲೆ ದಾಟಿದ ಮೇಲೆ ಅಕ್ಕೋರು, “ಅಳೂದು ಸಾಕು. ತಪ್ಪು ನಂದು. ಕಟ್ಟೂದು ಕಲಿಸ್ದೆ, ಬಿಚ್ಚೂದು ಕಲಿಸ್ಲಿಲ್ಲ” ಎಂದರು. ಮರುದಿನ ಪ್ರಾಂಶುಪಾಲರ ಎದುರೂ ಅದನ್ನೇ ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. “ಸೋತದ್ದು ಹುಡುಗಿ ಅಲ್ಲ ಸರ್, ನಾನು. ಇನ್ನೊಂದು ವರ್ಷ ಬಾಕಿ ಇದೆ.” ತಪ್ಪನ್ನು ಅಷ್ಟು ನೆಟ್ಟಗೆ ನಿಂತು ಒಪ್ಪಿಕೊಂಡವರನ್ನು ನಾನು ಅದುವರೆಗೆ ಕಂಡಿರಲಿಲ್ಲ, ಆಮೇಲೂ ಕಂಡದ್ದು ಕಡಿಮೆ.

ಎರಡನೆಯ ವರ್ಷವಿಡೀ ಅವರು ಪಟ್ಟಿಯನ್ನು ಒಂದೊಂದೇ ಭಾಗವಾಗಿ ಬಿಚ್ಚಿದರು. ಮೊದಲು ತಗಡು. “ಇನ್ಮೇಲೆ ಟಕ್ ಅನ್ನೂದು ನೀನೇಯ” ಎಂದರು. ಮಣಿಕಟ್ಟು ಮಡಚಿತು ಅನ್ನಿಸಿದ ಕೂಡಲೇ ಬಾಯಲ್ಲಿ ಗಟ್ಟಿಯಾಗಿ ಟಕ್ ಅನ್ನಬೇಕು. ಅಂದೆ. ಇಡೀ ಕಾಲೇಜು ನನಗೆ ಟಕ್ ಎಂದೇ ಹೆಸರಿಟ್ಟಿತು. ಹಾಸ್ಟೆಲಿನಲ್ಲಿ ಊಟಕ್ಕೆ ಕೂತರೂ ಬಿಡಲಿಲ್ಲ ಹಾಳಾದವರು. ಆದರೆ ದಿನ ಹೋದಂತೆ ತಪ್ಪು ಆಗುವ ಮುಂಚೆಯೇ ಕೈಗೆ ಅದರ ವಾಸನೆ ಹತ್ತತೊಡಗಿತು. ದೀಪಾವಳಿ ಕಳೆದ ಮೇಲೆ ಅಕ್ಕೋರು ದಾರವನ್ನು ಹಲ್ಲಿನಲ್ಲಿ ಕಡಿದು ಹುಣಸೆ ಬೀಜ ತೆಗೆದರು. ಆಮೇಲೆ ಬೆಲ್ಟು. ಕಡೆಯ ತಿಂಗಳು, “ಇನ್ನು ಬಾಯೂ ಮುಚ್ಚು” ಎಂದರು.

ಮತ್ತೆ ಧಾರವಾಡ. ಮೊದಲ ಮೂರು ಫೋರ್‌ಹ್ಯಾಂಡು ಹೊರಗೆ. ತಡೆಯಲಾರದೆ ಟಕ್ ಅಂದುಬಿಟ್ಟೆ. ಅಂಪೈರು ನನ್ನನ್ನೇ ದಿಟ್ಟಿಸಿದರು. ಬೆಂಚಿನಲ್ಲಿ ಅಕ್ಕೋರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನನಗೂ ನಗು ಬಂತು, ಭುಜ ಸಡಿಲವಾಯಿತು, ಮುಂದಿನ ಚೆಂಡು ಗೆರೆಯೊಳಗೆ ಬಿತ್ತು. ಆ ದಿನ ಗೆದ್ದೆ. ಸಂಜೆ ಆಯ್ಕೆಯಾದವರ ಹೆಸರು ಓದಿದಾಗ ಅದರಲ್ಲಿ ನನ್ನದೂ ಇತ್ತು. ಬೈಕು ಶೆಡ್ಡು ಕ್ಯಾಂಟೀನಿನ ಹಿಂದೆ ಹೋಯಿತು. ಕೋರ್ಟು ಈಗಲೂ ಅಲ್ಲೇ ಇದೆ; ಕುಮಟಾಕ್ಕೆ ಹೋದಾಗಲೆಲ್ಲ ಬೇಕೆಂದೇ ಅದರ ಪಕ್ಕದಿಂದ ನಡೆಯುತ್ತೇನೆ, ಸ್ವಲ್ಪ ಜಂಬದಿಂದಲೇ.

ಈಗ ನಾನು ಹೊನ್ನಾವರದಲ್ಲಿ ಆಟ ಕಲಿಸುತ್ತೇನೆ. ಹೋದ ವರ್ಷ ಹಳದೀಪುರಕ್ಕೆ ಹೋಗಿದ್ದೆ. ಅಕ್ಕೋರು ಜಗಲಿಯಲ್ಲಿ ಕೂತಿದ್ದರು, ತೀರಾ ಇಳಿದಿದ್ದರು. ಕೈ ನೋಡಿದೆ. ಬಿಳಿ ಗುರುತು ಇರಲಿಲ್ಲ.

“ಎಂತ ಹುಡುಕ್ತೆ? ಅದು ಹೋತು. ಪಟ್ಟಿ ಬಿಚ್ಕೊಂಡೆ ನಾನೂ” ಎಂದರು. ನನ್ನ ಕೈ ಎಳೆದುಕೊಂಡು ತಿರುಗಿಸಿದರು. ನಾಲ್ಕು ಬೆರಳಗಲದ ಬಿಳಿ ಗುರುತು ಅಲ್ಲಿತ್ತು. ಅದರ ಮೇಲೆ ಹೆಬ್ಬೆರಳಾಡಿಸಿ, “ಸಮಾ ಹೊಲಿತ್ಯನೆ? ತಗಡಿನ ಅಂಚು ಉಜ್ಜಿದ್ಯಾ?” ಎಂದು ಕೇಳಿದರು. ಉಜ್ಜಿದ್ದೇನೆ ಅಕ್ಕೋರೆ ಎಂದೆ. ಬಹಳ ಹೊತ್ತು ಕೈ ಬಿಡಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಅವರು ತೀರಿಕೊಂಡರು. ಫೋನು ಬಂದಾಗ ನಾನು ಕೋರ್ಟಿನಲ್ಲಿದ್ದೆ. ಒಬ್ಬಳ ಪಟ್ಟಿಯಿಂದ ತಗಡು ಬಿಚ್ಚುವ ದಿನ ಅದು. ಕಣ್ಣು ಮಂಜಾಗಿತ್ತು, ಆದರೂ ಬಿಚ್ಚಿದೆ. ಇನ್ಮೇಲೆ ನೀನೇ ಅನ್ನಬೇಕು ಎಂದು ಆ ಹುಡುಗಿಗೆ ಹೇಳಿ, ಹಳದೀಪುರದ ಬಸ್ಸಿಗೆಂದು ಹೊರಟೆ. ಗೇಟು ದಾಟುವಾಗ ಹಿಂದೆ ಚೆಂಡು ಬೇಲಿಗೆ ಬಡಿದ ಸದ್ದು, ಅದರ ಬೆನ್ನಿಗೇ ಅವಳ ಗಟ್ಟಿ ದನಿ ಕೇಳಿಸಿತು: “ಟಕ್!”